ಬದನೆಕಾಯಿ ಬಣ್ಣ

ನಿಂಬರ್ಗಾ
ಸ್ವಭಾನು ಸಂವತ್ಸರ, ಮಾರ್ಗಶಿರ ಮಾಸ, 1943

ಚಿರಂಜೀವಿ ಮೊಮ್ಮಗ ಅಂಬಾರಾಯನಿಗೆ ನಿನ್ನ ಆಯಿ ಮಾಳಮ್ಮನ ಆಶೀರ್ವಾದ. ತೊಗರಿ ಕಾಯಿ ಕಟ್ಟಿದೆ. ಎಮ್ಮೆ ಈದಿದೆ.

ನಿನ್ನ ಕಾಗದ ಬಂತು. ಬಸುರಿ ಹೆಂಡತಿ ಮಲ್ಕಮ್ಮನ ಅಂಗೈ ತುರಿಸುತ್ತದೆಂದು ತಿಳಿದು, ನೀನು ಹೈದರಾಬಾದಿನ ನಿನ್ನ ಪ್ರಯೋಗಶಾಲೆಗೆ ಆಕೆಯ ರಕ್ತ ತರಿಸಿಕೊಂಡೆ. ಆಳಂದದ ಕಂಪೌಂಡರ್ ಕರೀಮಸಾಬ ಬಂದು ಸ್ಪಿರಿಟಿನ ಬಾಟಲಿಗೆ ರಕ್ತ ಬಿಟ್ಟಿದ್ದ. ಲಿಂಬೆ ಹಿಂಡಿದ ಹಾಲಿನ ಹಾಗೆ ಒಡೆಯಿತು.

"ಹೆದರಬ್ಯಾಡ್ರಿ ಆಯಿ, ಗಸಿ ಕೆಳಗ ಕೂಡ್ತದ, ಪಿತ್ತ ಸ್ಪಿರಿಟಿನ್ಯಾಗ ಉಳೀತದ" ಎಂದ.

"ನಿನ್ನ ಸೂಜಿಗೇ ಹೆದರಲಿಲ್ಲ, ಗಸಿಗೆ ಹೆದರ್ತೇನೇನೋ?" ಎಂದೆ.

ನೀನು ಅದನ್ನು ಸೋಸಿ, ಬಿಸಿನೀರಿನ ಮೇಲಿಟ್ಟು ಆರಿಸಿ, ತಳಕ್ಕೆ ಅಂಟಿದ್ದಕ್ಕೆ ಸಕ್ಕರೆ ಹಾಕಿ, ಸುಡುವ ಆಸಿಡ್ಡು, ಆ ತೇಜಾಬು, ಬಿಟ್ಟೆಯಂತೆ. ಯುದ್ಧದ ಕಾಲ, ನಮಗೆ ಚಹಾಕ್ಕೆ ಸಕ್ಕರೆ ಇಲ್ಲ, ನೀನು ರಕ್ತಕ್ಕೆ ಹಾಕುತ್ತೀ. ಬದನೆಕಾಯಿ ಬಣ್ಣ ಬಂತು, ಪಿತ್ತ ರಕ್ತಕ್ಕೆ ಸೇರಿದೆ, ಇದೇ ವಾರ ಮಲ್ಕಮ್ಮನನ್ನು ಕರೆತನ್ನಿ, ಡಾಕ್ಟರರು ಔಷಧ ಕೊಟ್ಟು ಈಗಲೇ ಹೆರಿಗೆ ಮಾಡಿಸುತ್ತಾರೆ ಎಂದು ಬರೆದಿರುವೆ. ಆಕೆಗೆ ಏಳು ತಿಂಗಳು ತುಂಬಿಲ್ಲ. ಅಷ್ಟು ಬೇಗ ಬಂದ ಕೂಸು ಬದುಕಿದ್ದನ್ನು ಈ ಊರಲ್ಲಿ ನಾನು ಕಂಡಿಲ್ಲ.

ಆಕೆಯನ್ನು ಕಳಿಸುವುದಿಲ್ಲ. ಇನ್ನೊಂದು ಬಾಟಲಿ ಕಳಿಸಿದ್ದೇನೆ. ಸೀಮಂತದ ಕುಬಸ ಆಗುವ ಮುಂಚೆ ಬಸುರಿಯ ರಕ್ತ ಊರ ಸೀಮೆ ದಾಟಬಾರದೆಂದು ನನ್ನ ಅತ್ತೆ ಹೇಳುತ್ತಿದ್ದಳು, ನಾನೂ ಹೇಳಿಕೊಂಡೇ ಬಂದೆ. ನಿನ್ನೆ ಅದು ಕರೀಮಸಾಬನ ಚೀಲದಲ್ಲಿ ಕೂತು ದಾಟಿತು. ನಾನೇ ಮಲ್ಕಮ್ಮನ ತೋಳು ಹಿಡಿದುಕೊಂಡಿದ್ದೆ. ಅತ್ತೆ ಸತ್ತು ಮೂವತ್ತು ವರ್ಷವಾಯಿತು, ಬೈಯಬೇಕೆಂದರೆ ಎದ್ದು ಬರಲಿ.

ಬಳೆಗಾರ್ತಿ ಜೈತುನಬಿ ಬಂದಿದ್ದಳು. ನನ್ನ ಮುಖ ನೋಡಿ, "ಅರಿಶಿಣ ಕಣ್ಣಿಗೂ ಹಚ್ಚಿಕೊಂಡೀರೇನ್ರಿ ಆಯಿ?" ಎಂದಳು. ಆಕೆಯ ಬಾಯಿಗೆ ಮೊದಲಿನಿಂದಲೂ ಬೀಗವಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ತೇಜಾಬು ಮುಟ್ಟಿದ ಕೈಯಲ್ಲಿ ಉಣ್ಣಬೇಡ.

ನಿನ್ನ ಆಯಿ
ಮಾಳಮ್ಮ

ತಾ.ಕ.: ಮೊದಲ ಬಾಟಲಿಯ ರಕ್ತ ನನ್ನದು. ಕರೀಮಸಾಬನನ್ನು ಬೈಯಬೇಡ, ಅವನು ಬೇಡವೆಂದೇ ಹೇಳಿದ. ಆಕೆಯದು ಸೀಮೆ ದಾಟದಿರಲಿ, ಒಂದೇ ಒಲೆಯ ರೊಟ್ಟಿ ತಿನ್ನುವವರ ರಕ್ತ ಬೇರೆ ಹೇಗಾದೀತೆಂದು ನಾನೇ ತೋಳು ಚಾಚಿದೆ. ಈಗ ಕಳಿಸಿದ, ಕುತ್ತಿಗೆಗೆ ಕೆಂಪು ದಾರ ಕಟ್ಟಿದ ಬಾಟಲಿ ನಿನ್ನ ಹೆಂಡತಿಯದು. ಅದನ್ನು ನೋಡಿದ ಕೂಡಲೇ ತಂತಿ ಕೊಡು. ನನ್ನದು ನೀನು ನೋಡಿಯಾಗಿದೆ.