ಸತ್ತ ಮೇಲೆ ಎದ್ದು ಟವೆಲ್ ಹೊದ್ದವನಿಗೆ

ಕಾಕಾ,

ನೀನಿರುವಾಗ ಹೇಳದೆ ಮುಚ್ಚಿಟ್ಟುಕೊಂಡ ಮಾತೊಂದಿದೆ: ನಿನಗೆ ನಟನೆ ಬರುತ್ತಿರಲಿಲ್ಲ. ಪ್ರತಿ ವರ್ಷವೂ ಊರಿನ ನಾಟಕಕ್ಕೆ ನೀನೇ ಕಥಾನಾಯಕ, ಪರದೆಯ ಮರೆಯಲ್ಲಿ ನಿಂತು ನಿನಗೆ ಮಾತು ಹೇಳಿಕೊಡುತ್ತಿದ್ದವನು ನಾನು. ಊರಿನವರು ನಿನ್ನನ್ನು ಎದುರಿನಿಂದ ನೋಡಿದರು, ನಾನು ಮಗ್ಗುಲಿನಿಂದ. ಯಾವ ಕಡೆಯಿಂದ ನೋಡಿದರೂ ನೀನು ಅಷ್ಟೇ ಇದ್ದೆ.

ಆ ಕೊನೆಯ ನಾಟಕ ನೆನಪಿದೆಯೇ? ಐವತ್ತು ದಾಟಿದ ನೀನು ಮೀಸೆಗೆ ಕಪ್ಪು ಬಳಿದುಕೊಂಡು ಕಾಲೇಜು ಹುಡುಗನಾಗಿದ್ದೆ. ಕೊನೆಯ ದೃಶ್ಯದಲ್ಲಿ ಗುಂಡು ತಗುಲಿ ಸತ್ತೆ. ವೃತ್ತಿ ನಾಟಕ ಕಂಪನಿಯಿಂದ ಕರೆಸಿದ್ದ ನಟಿ ಶಾಂತಕ್ಕ ನಿನ್ನ ಎದೆಯ ಮೇಲೆ ಬಿದ್ದು ಅಳುತ್ತಿದ್ದಳು. ಅಷ್ಟರಲ್ಲಿ ಮೈಕಿನಲ್ಲಿ ಆಹೇರಿಯ ಉಡುಗೊರೆ ಕೂಗಿದರು: "ನಮ್ಮ ಕಥಾನಾಯಕರಿಗೆ ಅವರ ಬೀಗರಿಂದ ಒಂದು ಉಂಗುರ, ಒಂದು ಟವೆಲ್!" ಬೀಗರು ರಂಗದ ಮೇಲೆ ಬಂದೇ ಬಿಟ್ಟರು. ಸತ್ತವನು ಎದ್ದೆ. ಉಂಗುರಕ್ಕೆ ಬೆರಳು ಚಾಚಿದೆ, ಟವೆಲ್ ಹೊದ್ದೆ, ಜನರಿಗೆ ಕೈಮುಗಿದೆ, ಮತ್ತೆ ಮಲಗಿ ಸತ್ತೆ.

"ಕಾಕಾರ, ಮದಲಿಂದ ಅಳ್ಲೇನ್ರಿ, ಬಿಟ್ಟಲ್ಲಿಂದ ಅಳ್ಲೇನ್ರಿ?" ಎಂದು ಶಾಂತಕ್ಕ ಮೆಲ್ಲಗೆ ಕೇಳಿದ್ದು ನನಗೆ ಕೇಳಿಸಿತು.

ಪೇಪರಿನಲ್ಲಿ ಏನು ಬಂತು? 'ಸಾವಿನ ದೃಶ್ಯ ಪ್ರೇಕ್ಷಕರ ಕಣ್ಣಲ್ಲಿ ನೀರು ತರಿಸಿತು.' ತರಿಸಿತ್ತು, ನಕ್ಕು ನಕ್ಕು. ನೀನು ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದೆ. ಅದೇ ಪುಟದಲ್ಲಿ, ಕುಷ್ಟಗಿಯಲ್ಲಿ ಕ್ಯಾಂಪ್ ಹಾಕಿದ್ದ ಶಾಂತಕ್ಕನ ಕಂಪನಿಯ ನಾಟಕಕ್ಕೂ ವಿಮರ್ಶೆ ಇತ್ತು: ಆಕೆ ಮಾತಿನ ಕೊನೆ ನುಂಗುತ್ತಾಳೆ, ಹಿಂದೆ ಕೂತವರಿಗೆ ಏನೂ ಕೇಳುವುದಿಲ್ಲ. "ಪಾಪ, ಹೊಟ್ಟಿಪಾಡಿಗೆ ಆಡೋ ಹೆಣ್ಮಗಳು, ಹಿಂಗ ಬರೀಬಾರದು" ಎಂದು ನೀನು ಮರುಗಿದೆ. ಮುಂದಿನ ವಾರ ನಾನು ಕುಷ್ಟಗಿಗೆ ಹೋಗಿ ಹಿಂದಿನ ಸಾಲಿನಲ್ಲೇ ಕೂತೆ. ಆಕೆ ತಿದ್ದಿಕೊಂಡಿದ್ದಳು, ಒಂದು ಅಕ್ಷರವೂ ತಪ್ಪಿಸಿಕೊಳ್ಳಲಿಲ್ಲ. ನಿನ್ನ ಬಗ್ಗೆಯೂ ಯಾರಾದರೂ ಹಾಗೆ ಬರೆದಿದ್ದರೆ...

ಪೇಪರಿಗೆ ಅವೆರಡನ್ನೂ ಬರೆದಿದ್ದ ವರದಿಗಾರರನ್ನು ಚಹಾದಂಗಡಿಯಲ್ಲಿ ಹಿಡಿದು ಕೇಳಿದ್ದೆ.

"ಸರ್, ಶಾಂತಕ್ಕಗೊಂದು ತಕ್ಕಡಿ, ನಮ್ಮ ಕಾಕಾಗೊಂದು ತಕ್ಕಡಿ ಯಾಕ್ರಿ?"

"ತಮ್ಮಾ, ಇವರು ಹವ್ಯಾಸಿಗಳು. ಹಗಲೆಲ್ಲ ಹೊಲದಾಗ ದುಡದು ಬಂದು ಆಡ್ತಾರ. ಬೈದು ಬರದ್ರ ಮುಂದಿನ ವರ್ಷ ನಾಟಕನ ಇರಂಗಿಲ್ಲ."

"ಹಂಗಾರ ಬರೀಬ್ಯಾಡ್ರಿ. ಸುಳ್ಳ ಯಾಕ ಬರೀತೀರಿ?"

"ಒಂಬತ್ತನೇತ್ತಾಕ ಸಾಲಿ ಬಿಟ್ಟು ಓಡಿದಾವ ನೀ. ನನಗ ಪೇಪರ್ ನಡಸೋದು ಹೇಳಾಕ ಬಂದಿ?"

ಅವರು ಹೇಳಿದ್ದರಲ್ಲಿ ನಿಜವೇ ಇಲ್ಲ ಎನ್ನಲಾರೆ. ಆದರೆ ಬಿತ್ತನೆಯಲ್ಲಿ ನಿನ್ನ ಸಾಲು ಡೊಂಕಾದ ವರ್ಷ ಊರೆಲ್ಲ ಬದುವಿನ ಮೇಲೆ ನಿಂತು ನಕ್ಕಿರಲಿಲ್ಲವೇ? ಮರುವರ್ಷ ನೀನು ಹಗ್ಗ ಎಳೆದಂತೆ ನೆಟ್ಟಗೆ ಬಿತ್ತಿದೆ. ಹೊಲದಲ್ಲಿ ನಿನ್ನನ್ನು ಗಂಡಸಾಗಿ ಕಂಡವರು ರಂಗದ ಮೇಲೆ ಮಾತ್ರ ಕೂಸಿನಂತೆ ನೋಡಿಕೊಂಡರು. ಆ ಕನಿಕರವನ್ನೇ ನೀನು ಕೀರ್ತಿ ಎಂದುಕೊಂಡೆ.

ಹೋದ ಬೇಸಿಗೆಯಲ್ಲಿ ನಿನ್ನ ಹೆಣದ ಮೇಲೆ ಬೀಗರು ಟವೆಲ್ ಹೊದಿಸುವಾಗ ನಾನು ನಿನ್ನ ಬೆರಳನ್ನೇ ನೋಡುತ್ತಿದ್ದೆ. ಅಲುಗಲಿಲ್ಲ. ಆ ದೃಶ್ಯವನ್ನು ಅದೊಂದು ಸಲ ಚೆನ್ನಾಗಿ ಮಾಡಿದೆ. ನಾನು ಅತ್ತೆ, ಅದನ್ನೂ ಹೇಳಬೇಕು.

ಮೊನ್ನೆ ನಾಟಕ ಮಂಡಳಿಯ ಹಿರಿಯರು ಮನೆಗೆ ಬಂದಿದ್ದರು. "ಈ ವರ್ಷ ನಿಮ್ಮ ಕಾಕಾನ ಪಾತ್ರ ನಿನಗ. ಪೇಪರಿನವರಿಗೆ ಹೇಳೇವಿ, ಫೋಟೋ ಸುದ್ದಾ ಬರ್ತೈತಿ." ನಾನಿನ್ನೂ ಬಾಯಿ ತೆರೆದಿಲ್ಲ, ಹೊಗಳಿಕೆ ಆಗಲೇ ತಯಾರು! ಒಲ್ಲೆ ಎಂದೆ. "ಸತ್ತವರ ಹೆಸರಿಗೆ ಮಣ್ಣು ಹಾಕಿದಿ" ಎಂದು ಕಾಕಿ ಮಾತು ಬಿಟ್ಟಿದ್ದಾಳೆ.

ಶಾಂತಕ್ಕನ ಕಂಪನಿ ಈಗ ಗಂಗಾವತಿಯಲ್ಲಿದೆ. ನನಗೊಂದು ಪೊಲೀಸಪ್ಪನ ಪಾತ್ರ ಕೊಟ್ಟಿದ್ದಾರೆ. ಟಿಕೆಟ್ ತೆಗೆದು ಬಂದವರು ನೋಡುತ್ತಾರೆ, ಕೆಟ್ಟದಾಗಿದ್ದರೆ ಪೇಪರು ಕೆಟ್ಟದಾಗಿದೆ ಎಂದೇ ಬರೆಯುತ್ತದೆ. ನಿನ್ನ ಹಾಗೆ ನನಗೂ ನಟನೆ ಬರದೇ ಇರಬಹುದು. ನನಗದು ಗೊತ್ತಾಗಬೇಕು.

ನಾಳೆ ಬೆಳಿಗ್ಗೆ ಹೊರಡುತ್ತೇನೆ.