ಬನಿಯನ್ನಿನ ಹಸಿರು ಕಲೆ

ಹೆಗ್ಗನಹಳ್ಳಿ, ಬೆಂಗಳೂರು
ಸೋಮವಾರ, ೧೦ ನವೆಂಬರ್ ೨೦೨೫

ಪ್ರೀತಿಯ ರೀ,

ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರಾ? ಆ ಕೆಮ್ಮು ಬಿಟ್ಟಿದೆಯಾ? ದಸರಾ ಮುಗಿದ ಮೇಲೆ ಡ್ಯೂಟಿಗೆಂದು ಹೊರಟವರು ಎಲ್ಲಿ ಹೋದಿರೆಂದು ಯಾರಿಗೂ ಗೊತ್ತಿಲ್ಲ. ಈ ಕಾಗದವನ್ನು ಯಾವ ವಿಳಾಸಕ್ಕೆ ಹಾಕಬೇಕೋ ನನಗೂ ಗೊತ್ತಿಲ್ಲ. ಆದರೂ ಇವತ್ತು ನಿಮ್ಮನ್ನು ಚೆನ್ನಾಗಿ ಬೈಯಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಠಾಣೆಯಿಂದ ಫೋನ್ ಬಂತು. ಕೆಂಗೇರಿ ಆಚೆ ಮೋರಿಯಲ್ಲಿ ಒಂದು ಹೆಣ ಸಿಕ್ಕಿದೆ, ಮುಖ ಗುರುತು ಸಿಗುವ ಹಾಗಿಲ್ಲ, ಕೊರಳಲ್ಲಿ ಲಿಂಗದ ಕರಡಿಗೆ ಇದೆ, ಬಂದು ನೋಡಿ ಎಂದರು. ಅತ್ತೆ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ವಿಜಯನಗರದ ಬೆಳ್ಳಿ ಕೆಲಸದ ಮುರುಗೇಶ್ ಅಣ್ಣನನ್ನೂ ಕರೆದುಕೊಂಡು ಹೋದೆವು, ಲೋಹ ಯಾವುದೆಂದು ಅವರೇ ಹೇಳಲಿ ಎಂದು. ನಿಮ್ಮದು ತಾಮ್ರದ್ದು, ಮೇಲೆ ಬೆಳ್ಳಿ ನೀರು ಕುಡಿಸಿದ್ದು ಎಂಬ ಮನೆಯ ಗುಟ್ಟನ್ನು ಅವರಿಗೆ ಹೇಳಲೇಬೇಕಾಯಿತು. ನೆಂಟರ ಮುಂದೆ ಬೆಳ್ಳಿಯದೇ ಎಂದು ಜಂಬ ಕೊಚ್ಚುತ್ತಿದ್ದವರು ನೀವು, ಬನಿಯನ್ನಿನ ಮೇಲಿನ ಹಸಿರು ಕಲೆ ತಿಕ್ಕಿ ತಿಕ್ಕಿ ಸಾಕಾದವಳು ನಾನು. ನೀವು ಹೋದ ಮೇಲೆ ಒಂದನ್ನು ಒಗೆಯದೆ ಹಾಗೇ ಇಟ್ಟಿದ್ದೇನೆ. ಕಪಾಟು ತೆರೆದಾಗಲೆಲ್ಲ ಯಾರೋ ಬೆನ್ನ ಹಿಂದೆ ನಿಂತ ಹಾಗಾಗಿ ತಿರುಗಿ ನೋಡುತ್ತೇನೆ. ನನಗೆ ಭಯವಾಗುತ್ತದೆ ರೀ.

ಆ ಕರಡಿಗೆ ಕಪ್ಪಗಾಗಿತ್ತು. ಮುಚ್ಚಳ ಬಿಚ್ಚಿತ್ತು, ಒಳಗೆ ಲಿಂಗ ಇರಲಿಲ್ಲ. ಮುರುಗೇಶ್ ಅಣ್ಣ ಅದನ್ನು ತುಂಬ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡರು. ಇದೇ ಅಳತೆಯ ತಾಮ್ರ ಇಷ್ಟು ಭಾರ ಇರುವುದಿಲ್ಲವಂತೆ. ತಾಮ್ರವಾದರೆ ಹಸಿರುಗಟ್ಟುತ್ತದೆ, ಬೆಳ್ಳಿ ಕಪ್ಪಾಗುತ್ತದೆ. ಪೊಲೀಸರನ್ನು ಕೇಳಿ, ಒಂದು ಮೂಲೆಯಲ್ಲಿ ಅರದಿಂದ ಉಜ್ಜಿದರು. ಒಳಗಿನ ತಾಮ್ರದ ಕೆಂಪು ಕಾಣಬಾರದು, ಕಾಣಬಾರದು ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಎಷ್ಟು ಉಜ್ಜಿದರೂ ಬಿಳಿಯೇ ಬಂತು. ಬರೀ ಬೆಳ್ಳಿ ಮೆತ್ತಗಿದ್ದು ಬೇಗ ನೆಗ್ಗುತ್ತದೆ, ಅದಕ್ಕೆ ಇದರಲ್ಲೂ ಚೂರು ತಾಮ್ರ ಬೆರೆಸಿರುತ್ತಾರೆ, ಆದರೆ ಇದು ಬೆಳ್ಳಿಯೇ ಎಂದು ಹೇಳಿ ಅವರು ಹೊರಗೆ ಹೋದರು. ಅತ್ತೆ ಅಲ್ಲೇ ನೆಲದ ಮೇಲೆ ಕೂತು, “ನನ್ನ ಅಮರೇಶಂದಲ್ಲ, ಅಲ್ಲ ಬಿಡವಾ” ಎಂದು ಅತ್ತುಬಿಟ್ಟರು. ಬೇರೆ ಯಾರದೋ ಮನೆಯ ಸಾವಿಗೆ ನಾವಿಬ್ಬರೂ ಖುಷಿಪಟ್ಟೆವು. ಪಾಪ ಬಂದರೆ ಬರಲಿ.

ದೀಪಾವಳಿಗೂ ಸಿಹಿ ಮುಟ್ಟದ ಅತ್ತೆ ಈಗ ಹೋಳಿಗೆಗೆ ಬೇಳೆ ಬೇಯಿಸುತ್ತಿದ್ದಾರೆ. ನಿಮಗೆ ಅವರ ಆಶೀರ್ವಾದ. ನನ್ನ ಬೈಗುಳವನ್ನೂ ಸೇರಿಸಿಕೊಳ್ಳಿ. ಎಲ್ಲಿದ್ದರೂ ಎದ್ದು ಬನ್ನಿ.

ನಿಮ್ಮ
ಶೈಲಾ

ತಾ.ಕ.: ಮುರುಗೇಶ್ ಅಣ್ಣ ಈಗಷ್ಟೇ ಬಾಗಿಲಿಗೆ ಬಂದಿದ್ದರು. ಕರೆದರೂ ಒಳಗೆ ಬರಲಿಲ್ಲ. ಕರವಸ್ತ್ರ ಬಿಚ್ಚಿ ನಿಮ್ಮ ತಾಮ್ರದ ಕರಡಿಗೆಯನ್ನು ನನ್ನ ಕೈಗಿಟ್ಟರು. ಅವತ್ತು ಡ್ಯೂಟಿಗೆ ಹೋಗುವ ಮೊದಲು ಇದನ್ನು ಅವರ ಅಂಗಡಿಯಲ್ಲಿ ಬಿಟ್ಟು, ಮಾಡಿಸಿಟ್ಟಿದ್ದ ಬೆಳ್ಳಿಯದನ್ನು ಹಾಕಿಕೊಂಡು ಹೋದಿರಂತೆ. “ಶೈಲಾಗ ಹೇಳಬ್ಯಾಡ್ರಿ, ಬನಿಯನ್ ಒಗಿಯೂವಾಗ ಆಕಿಗೇ ಗೊತ್ತಾಗ್ಲಿ” ಅಂದಿದ್ದಿರಂತೆ. “ನಾನೇ ಮಾಡಿದ್ದು, ನನಗೆ ಗುರುತು ಸಿಗಲ್ವಾ ಕಣಮ್ಮಾ? ನಿಮ್ಮತ್ತೆ ಮುಂದೆ ಹೇಳೋಕೆ ಬಾಯಿ ಬರ್ಲಿಲ್ಲ” ಎಂದರು. ಅತ್ತೆ ಒಳಗಿನಿಂದ ಏಲಕ್ಕಿ ಎಲ್ಲಿದೆ ಎಂದು ಕೂಗುತ್ತಿದ್ದಾರೆ, ರೀ.