ದೇವರ ನೆತ್ತಿಯ ಮೇಲಿನ ಕಿಟಕಿ

ಹಿಗಾಶಿಮಾಚಿ,
ಮೇ ೧೯

ಮಗಳೇ ಮಿಹೊ,

ಚಿಗುರಿನ ಕಾಲ, ನೀನು ಕ್ಷೇಮವೇ, ಅಳಿಯಂದಿರು ಕ್ಷೇಮವೇ ಎಂದು ಕೇಳಿ ಆಮೇಲೆ ವಿಷಯಕ್ಕೆ ಬರುವುದು ಕ್ರಮ. ಆದರೆ ಮೀನಂಗಡಿ ಒಸಾಮುವಿನ ಹೆಂಡತಿಯ ಬಳಿ ನಿನ್ನ ನಂಬರಿದೆ. ಹಾಗಾಗಿ ಕ್ರಮಕ್ಕೆ ಪುರುಸೊತ್ತಿಲ್ಲ. ಅವಳ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಕೇಳು: ನಿನ್ನೆ ಹಬ್ಬದಲ್ಲಿ ನಿನ್ನ ತಾಯಿ ದೇವರ ಪಲ್ಲಕ್ಕಿಯನ್ನು ನಿಲ್ಲಿಸಿದಳು.

ಪಲ್ಲಕ್ಕಿ ಬರುವಾಗ ಮಹಡಿಯಿಂದ ಬಗ್ಗಿ ನೋಡುವುದೆಂದರೆ ದೇವರ ನೆತ್ತಿ ತುಳಿದಂತೆ. ನಮ್ಮ ಬೀದಿಯಲ್ಲಿ ಆ ಕಟ್ಟಳೆ ಕಾಯುತ್ತಿದ್ದವಳೇ ನಾನು. ನಮ್ಮ ಉಪ್ಪಿನಕಾಯಿ ಅಂಗಡಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, ‘ಏ, ಮಹಡಿಯೋರೆ, ದೇವ್ರಿಗಿಂತ ಜಾಸ್ತಿ ಬಾಡಿಗೆ ಕಟ್ತೀರೇನ್ರಿ? ಇಳೀರಿ ಕೆಳಗೆ’ ಎಂದರೆ ಆಚೆ ಬೀದಿಯ ಕಿಟಕಿಗಳೂ ಮುಚ್ಚುತ್ತಿದ್ದವು.

ಈ ವರ್ಷ ಆ ಸೊಂಟವೇ ಕೈಕೊಟ್ಟಿದೆ. ನೀನು ಕಳಿಸಿದ ಗಾಲಿಕುರ್ಚಿಯಲ್ಲಿ ಕೂತು ಗಿರಾಕಿಗಳ ಮುಂದೆ ಬರಲು ಮನಸ್ಸಾಗಲಿಲ್ಲ. ಆ ನೂಕುನುಗ್ಗಲಿನಲ್ಲಿ ಕೂತವರಿಗೆ ಕಾಣುವುದು ದೇವರಲ್ಲ, ಎದುರು ನಿಂತವರ ಕುಂಡಿ. ಈ ವ್ಯಾಪಾರ ನನಗೆ ಗಿಟ್ಟಲಿಲ್ಲ. ಅಂಗಡಿ ಬಾಗಿಲೆಳೆದು, ಮೆಟ್ಟಿಲ ಮೇಲೆ ಕೂತು ಕೂತೇ ಹಿಮ್ಮುಖವಾಗಿ ಮಹಡಿ ಹತ್ತಿ, ಪರದೆಯ ಹಿಂದೆ ಸೇರಿಕೊಂಡೆ.

ಪಲ್ಲಕ್ಕಿ ಬಂತು. ನಮ್ಮ ಬಾಗಿಲ ಮುಂದೆ ಅದನ್ನು ತೋಳೆತ್ತರಕ್ಕೆ ಎತ್ತುವುದು ವಾಡಿಕೆಯಲ್ಲವೇ? ಎತ್ತಿದರು. ಅದರ ಮಾಡಿನ ತುದಿಯ ಚಿನ್ನದ ಹಕ್ಕಿ ಕಿಟಕಿಯ ತನಕ ಬಂತು, ನಾನು ಮೈಮರೆತು ಬಗ್ಗಿದೆ. ಕೆಳಗೆ ಹೊರುವವರ ಕೂಗು ನಿಂತುಹೋಯಿತು.

‘ಯಾರ‍್ಲಾ ಅದು ಮೇಲೆ? ತೊಕಿಯಕ್ಕನ ಮನೆಗೆ ಕಳ್ಳ ನುಗ್ಗವ್ನಾ?’ ಎಂದ ಒಸಾಮು.

‘ಪರದೆ ಹಿಂದೆ ಅಷ್ಟಗಲ ಇರೋ ಕಳ್ಳ ಯಾವನಪ್ಪ’ ಎಂದರು ಇನ್ಯಾರೋ.

ಹೊರುವವರ ಮುಂದಾಳು ಕುರಾತಾ ನಗಲಿಲ್ಲ. ಪಲ್ಲಕ್ಕಿಯನ್ನು ಇಳಿಸಿದ. ‘ಅಕ್ಕಾ, ಮಗಳ ಮನೆಗೆ ಹೋಗಿದ್ದೀರಿ ಅಂದ್ಕೊಂಡಿದ್ವಿ. ನೀವೇ ಕಾಯ್ತಿದ್ದ ಕಟ್ಟಳೆ ಇದು. ನೀವು ಇಳಿಯೋವರ್ಗೂ ದೇವರು ಏಳಲ್ಲ.’

ಹಿಂದೆ ಬೇರೆ ಬೀದಿಗಳ ಪಲ್ಲಕ್ಕಿಗಳು ಸಾಲುಗಟ್ಟಿದವು. ಸೀಟಿಗಳು ಕೇಳಿದವು. ನಾನು ಕಿಟಕಿಯಿಂದಲೇ, ‘ಇಲ್ಲಿಂದ ಚೆನ್ನಾಗಿ ಕಾಣ್ತದೆ ಕಣೋ. ನಾನಿಳಿಯಲ್ಲ’ ಎಂದೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಟೀ ಅಂಗಡಿಯ ಮುದುಕಿ ನನ್ನ ಪರವಾಗಿ ಪಲ್ಲಕ್ಕಿಗೆ ಬಗ್ಗಿ ಕ್ಷಮೆ ಕೇಳಿದಳು. ಮುಖ ಎಲ್ಲಿಡಲಿ ಹೇಳು.

ಕುರಾತಾ ಹಿತ್ತಲ ಬಾಗಿಲಿನಿಂದ ಹತ್ತಿ ಬಂದ, ಬಯ್ಯಲೆಂದೇ. ನನ್ನನ್ನು ನೋಡಿದ, ತಿರುಗಿ ಆ ಕಡಿದಾದ ಮೆಟ್ಟಿಲನ್ನು ನೋಡಿದ. ನನಗೆ ಬೆನ್ನು ತಿರುಗಿಸಿ ಕುಕ್ಕರಿಸಿದ.

‘ಹತ್ತಿ ಅಕ್ಕ. ಪಲ್ಲಕ್ಕಿಗಿಂತ ಭಾರ ಇರಲ್ಲ ನೀವು.’

‘ಹೊತ್ ನೋಡ್ಬಿಟ್ಟು ಹೇಳು’ ಎಂದೆ.

ಹೊರಗೆ ಬಂದಾಗ ಅವನು ಜನಕ್ಕೆ ಹೇಳಿದ್ದು ಇಷ್ಟೇ: ‘ಅಕ್ಕನ ಹಟ ಗೊತ್ತಲ್ಲ, ಒಪ್ಸೋಕೆ ಹೊತ್ತಾಯ್ತು.’ ಜನ ನಕ್ಕು ಚಪ್ಪಾಳೆ ತಟ್ಟಿದರು. ನೆಲಕ್ಕೆ ಹಣೆ ಮುಟ್ಟಿಸಲು ಆಗದೆ, ಅವನ ಬೆವರಲ್ಲಿ ನೆಂದ ಬೆನ್ನಿಗೇ ಹಣೆಯೊತ್ತಿ ದೇವರಿಗೆ ನಮಸ್ಕರಿಸಿದೆ. ಪಲ್ಲಕ್ಕಿ ಎದ್ದಿತು. ನಾನು ತಲೆ ಎತ್ತಲಿಲ್ಲ.

ಸೊಕ್ಕಿಳಿದ ನಿನ್ನ ಅಮ್ಮ,
ತೊಕಿಯೆ

ಮತ್ತೆ: ಮೇಲೆ ಬರೆದದ್ದು ಬೀದಿಗೆ ಗೊತ್ತಿರುವ ಕಥೆ. ನಾನು ಮಹಡಿ ಹತ್ತಿದ್ದು ಹಬ್ಬದ ಹಿಂದಿನ ದಿನ, ಪೆಟ್ಟಿಗೆಯಿಂದ ಹಬ್ಬದ ಅಂಗಿ ತರಲು. ಅದನ್ನು ತೊಟ್ಟು ನಿನ್ನ ಕುರ್ಚಿಯಲ್ಲೇ ಬೀದಿಗೆ ಹೋಗೋಣ ಎಂದುಕೊಂಡಿದ್ದೆ. ಹತ್ತಿದವಳಿಗೆ ಇಳಿಯಲಾಗಲಿಲ್ಲ. ಕೆಳಗೆ ಫೋನು ಬಡಿದುಕೊಳ್ಳುತ್ತಿತ್ತು, ನೀನೇ ಎಂದು ಗೊತ್ತಿತ್ತು. ಕಿಟಕಿ ತೆಗೆದು ಒಂದು ಕೂಗು ಹಾಕಿದ್ದರೆ ಒಸಾಮು ಬರುತ್ತಿದ್ದ. ಬಾಯಿ ಬರಲಿಲ್ಲ. ಸೊಕ್ಕಿನವಳು ಎನ್ನಿಸಿಕೊಂಡು ಅಂಗಡಿ ನಡೆಸಬಹುದು, ಕೈಲಾಗದವಳು ಎನ್ನಿಸಿಕೊಂಡು ಹೇಗೆ ನಡೆಸಲಿ? ಕುರಾತಾನಿಗೆ ತಿಳಿದಿದೆ, ಅವನು ಬಾಯಿಬಿಡುವುದಿಲ್ಲ. ಬರುವ ಭಾನುವಾರ ಬಾ. ಇದನ್ನು ಕಾಗದ ಎಂದುಕೊಳ್ಳಬೇಡ, ಕೂಗು ಎಂದುಕೋ.